ತಾರೀಕಿಲ್ಲದ ಎರಡು ಸಾವಿರ: ಮಾನ್ವಿ ತಾಲ್ಲೂಕಿನ ಒಂದು ರೈತ ಮನೆಯ ಪ್ರಕರಣ ಅಧ್ಯಯನ

ಈ ಮನೆಯ ಲೆಕ್ಕ ನನಗೆ ಸಿಕ್ಕಿದ್ದು ಒಂದು ಶಾಲೆಯ ನೋಟ್‌ಬುಕ್‌ನಲ್ಲಿ. ಮುಂದಿನಿಂದ ತೆರೆದರೆ ಏಳನೇ ಕ್ಲಾಸಿನ ಸಮಾಜ ವಿಜ್ಞಾನ, ಹಿಂದಿನಿಂದ ತೆರೆದರೆ ಮನೆಖರ್ಚು. ಸಮಾಜ ವಿಜ್ಞಾನದ ನೋಟ್ಸು 2023ರ ಜನವರಿಗೆ ನಿಂತುಬಿಟ್ಟಿದೆ. ಆ ಜನವರಿಯಲ್ಲಿ ಅಜ್ಜಿಯೊಬ್ಬಳನ್ನು ಬಿಟ್ಟು ಇಡೀ ಮನೆ ಬೆಂಗಳೂರಿಗೆ ಗುಳೆ ಹೋಗಿತ್ತು. ಉಳಿದ ಖಾಲಿ ಹಾಳೆಗಳೇ ಈಗ ಲೆಕ್ಕದ ವಹಿ.

ಬರೆಯುವವಳು ಮನೆಯ ಹಿರಿ ಮಗಳು. ಅವಳವ್ವನಿಗೆ ಸಹಿ ಮಾಡುವಷ್ಟು ಮಾತ್ರ ಬರುತ್ತದೆ, ಅಜ್ಜಿಯದು ಹೆಬ್ಬೆಟ್ಟು. 2023ರ ಸೆಪ್ಟೆಂಬರ್ ಪುಟದಲ್ಲಿ ಹುಡುಗಿ "ಅಜ್ಜಿ ರೊಕ್ಕ 2000" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾಳೆ.

ಅದು ಗೃಹಲಕ್ಷ್ಮಿಯ ಮೊದಲ ಕಂತು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಯೋಜನೆ. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದು ಯಾರ ಹೆಸರಿದೆಯೋ ಅವರ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬೀಳುತ್ತದೆ. ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಆಕೆಯಾಗಲಿ ಗಂಡನಾಗಲಿ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾಗಿರಬಾರದು. ರೊಕ್ಕ ಕೈಗೆ ಬಂದ ಮೇಲೆ ಯಾವುದಕ್ಕೆ ಖರ್ಚು ಮಾಡಿದೆ, ರಸೀದಿ ಎಲ್ಲಿ ಎಂದು ಕೇಳುವವರಿಲ್ಲ. ಷರತ್ತಿಲ್ಲದ ನಗದು ಅನ್ನುವುದು ಇದಕ್ಕೇ.

ಅವತ್ತಿನಿಂದ ಎರಡು ವರ್ಷ, ಎರಡು ತಿಂಗಳಿಗೊಮ್ಮೆಯಾದರೂ ಈ ಮನೆಗೆ ಹೋಗಿ ಕೂತು ಬಂದಿದ್ದೇನೆ. ಮನೆಯವರ ಹೆಸರು, ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಒಂದು ಮನೆ ನೋಡಿ ಇಡೀ ರಾಯಚೂರು ಜಿಲ್ಲೆಯ ಮಾತು ಹೇಳಲು ಬರುವುದಿಲ್ಲ, ಅದೂ ನನಗೆ ಗೊತ್ತು. ಆದರೆ ಹತ್ತಿರದಿಂದ ನೋಡಿದ ಮೇಲೆ ಒಂದು ಮಾತು ಗಟ್ಟಿಯಾಗಿ ಅನಿಸಿದೆ. ಈ ದುಡ್ಡಿನ ಬೆಲೆ ಅದು ಯಾವತ್ತು ಬರುತ್ತದೆ, ಯಾವ ದಾರಿಯಿಂದ ಬರುತ್ತದೆ ಎನ್ನುವುದರ ಮೇಲೆ ನಿಂತಿದೆ. ಎಷ್ಟು ಬರುತ್ತದೆ ಎನ್ನುವುದು ಆಮೇಲಿನ ಮಾತು.

ಹೊಲ, ಮನೆ, ಸಾಲ

ಊರು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿದೆ. ದಾಖಲೆಯಲ್ಲಿ ನೀರಾವರಿ. ಗಂಗಾವತಿ, ಸಿಂಧನೂರು ಕಡೆಯ ಭತ್ತದ ಗದ್ದೆಗಳು ಕುಡಿದು ಬಿಟ್ಟದ್ದು ಇಲ್ಲಿಗೆ ಬರಬೇಕು. ಬಂದ ವರ್ಷ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಇವರು ಭತ್ತದ ಆಸೆ ಬಿಟ್ಟು ಹತ್ತಿ, ನಡುವೆ ಒಂದಿಷ್ಟು ತೊಗರಿ ಹಾಕುತ್ತಾರೆ. ಸ್ವಂತದ್ದು 3 ಎಕರೆ ಎರೆ ಹೊಲ. ಇನ್ನೊಂದು 4 ಎಕರೆ ಲೀಜಿಗೆ, ಎಕರೆಗೆ 8,000ದಂತೆ, ಬಿತ್ತುವ ಮೊದಲೇ ಕಟ್ಟಬೇಕು.

ಮನೆಯಲ್ಲಿ ಆರು ಜನ. ಅತ್ತೆಗೆ, ಅಂದರೆ ಹುಡುಗಿಯ ಅಜ್ಜಿಗೆ, ಅರವತ್ತು ದಾಟಿದೆ, ಗಂಡ ತೀರಿಕೊಂಡಿದ್ದಾನೆ. ಅವಳ ಕಿರಿಯ ಮಗ, ಸೊಸೆ, ಅವರ ಮೂವರು ಮಕ್ಕಳು. 2023ರ ಜೂನ್‌ನಲ್ಲಿ, ಅಂದರೆ ನಗದು ಬರುವ ಮೊದಲು, ಇವರ ತಲೆ ಮೇಲಿದ್ದ ಸಾಲ ಹೀಗಿತ್ತು. ಮಾನ್ವಿಯ ದಲಾಲಿ ಅಂಗಡಿಯಲ್ಲಿ 1,10,000, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಊರಲ್ಲೇ ಕೈಗಡ 30,000, ಅದಕ್ಕೆ ಮೂರು ರೂಪಾಯಿ ಬಡ್ಡಿ. ಸೊಸೆಯ ಹೆಸರಲ್ಲಿ ಫೈನಾನ್ಸಿನವರ ಗುಂಪು ಸಾಲ 60,000, ತಿಂಗಳ ಕಂತು ಸುಮಾರು 3,200. ಕಿರಾಣಿ ಅಂಗಡಿಯ ಉದ್ರಿ 9,400.

ಇಲ್ಲಿ ಒಂದು ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ದಲಾಲಿ ಅಂಗಡಿಯ ಬಡ್ಡಿಯೇ ವರ್ಷಕ್ಕೆ 26,400 ರೂಪಾಯಿ. ಗೃಹಲಕ್ಷ್ಮಿ ಒಂದು ಕಂತೂ ತಪ್ಪದೆ ಬಂದರೆ ವರ್ಷಕ್ಕೆ 24,000. ಒಂದು ಸಾಲದ ಬಡ್ಡಿಗೂ ಅದು ಸಾಲುವುದಿಲ್ಲ. ಈ ದುಡ್ಡಿನಿಂದ ರೈತನ ಸಾಲ ತೀರುತ್ತದೆ ಎಂದು ಯಾರಾದರೂ ಹೇಳಿದರೆ ಅವರು ಇಂಥ ಮನೆಯ ಲೆಕ್ಕ ನೋಡಿಲ್ಲ.

ಹಾಗಾದರೆ ಅದು ಮಾಡಿದ್ದೇನು?

ಉದ್ರಿಯ ರೇಟು

ನೋಟ್‌ಬುಕ್‌ನ ಮೊದಲ ಆರು ತಿಂಗಳ ಪುಟಗಳಲ್ಲಿ ಅತಿ ಹೆಚ್ಚು ಸಲ ಬರುವ ಪದ "ಅಂಗಡಿ". ಅಂಗಡಿ 500, ಅಂಗಡಿ 700, ಅಂಗಡಿ 1000. 2024ರ ಫೆಬ್ರವರಿ ಹೊತ್ತಿಗೆ 9,400 ಇದ್ದ ಉದ್ರಿ 2,100ಕ್ಕೆ ಇಳಿದಿತ್ತು.

ಇದರಲ್ಲೇನಿದೆ ದೊಡ್ಡದು ಎಂದು ನನಗೂ ಮೊದಲು ಅನಿಸಿತ್ತು. ಸೊಸೆ ಬಿಡಿಸಿ ಹೇಳಿದಳು. ಊರ ಅಂಗಡಿಯಲ್ಲಿ ಉದ್ರಿಗೆ ಒಂದು ರೇಟು, ನಗದಿಗೆ ಒಂದು ರೇಟು. ಒಳ್ಳೆಣ್ಣೆ ಪಾಕೀಟಿಗೆ ಹತ್ತು ರೂಪಾಯಿ ಜಾಸ್ತಿ, ಬೇಳೆಗೆ ಹದಿನೈದು. ಮೇಲಾಗಿ ಬಾಕಿ ಇಟ್ಟವರು ಬೇರೆ ಅಂಗಡಿಗೆ ಹೋಗುವ ಹಾಗಿಲ್ಲ. ಕೊಟ್ಟದ್ದು ತೆಗೆದುಕೊಳ್ಳಬೇಕು. "ಬ್ಯಾಳಿ ಹುಳ ಹಿಡದಿದ್ರೂ ಸುಮ್ನ ತರ್ತಿದ್ನಿರಿ ಅಕ್ಕಾರ. ಹೆಂಗ ಕೇಳ್ಲಿ? ಬಾಕಿ ಐತಲ್ಲ." ಉದ್ರಿ ಇಳಿದ ಮೇಲೆ ಅವಳು ಮಾನ್ವಿಯ ಸಂತೆಗೆ ಹೋಗಿ ತಿಂಗಳ ಸಾಮಾನು ತರತೊಡಗಿದಳು. ಬಸ್ಸಿಗೆ ದುಡ್ಡು ಕೊಡಬೇಕಿರಲಿಲ್ಲ, 2023ರ ಜೂನ್‌ನಲ್ಲೇ ಹೆಂಗಸರಿಗೆ ಪುಕ್ಕಟೆ ಬಸ್ಸಿನ ಶಕ್ತಿ ಯೋಜನೆ ಬಂದಿತ್ತು. ಬಸ್ಸು ಮತ್ತು ನಗದು ಎರಡೂ ಸೇರಿದ್ದರಿಂದಲೇ ಇದು ಆಗಿದ್ದು. ಒಂದು ಮಾತ್ರ ಇದ್ದಿದ್ದರೆ ಆಗುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಸಣ್ಣ ಸಾಲವೂ ಹಾಗೇ. ಮಗುವಿಗೆ ಜ್ವರ ಬಂದರೆ 500, ಹತ್ತಿಗೆ ಕೀಡೆ ಬಿದ್ದು ಎಣ್ಣೆ ಹೊಡೆಯಬೇಕಾದರೆ 1,000, ಹಬ್ಬಕ್ಕೆ 800. ಇವು ಬರುವುದು ಐದು ರೂಪಾಯಿ ಬಡ್ಡಿಗೆ. ಸುಗ್ಗಿಯಲ್ಲಿ ಹತ್ತಿ ಮಾರಿದ ದಿನ ಹತ್ತು ಜನ ಬಾಗಿಲಿಗೆ ಬಂದು ನಿಲ್ಲುತ್ತಾರೆ. ನಗದು ಬಂದ ಮೊದಲ ವರ್ಷ ಈ ಮನೆ ಅಂಥ ಸಾಲ ಮಾಡಿದ್ದು ಎರಡೇ ಸಲ. ಅದರ ಹಿಂದಿನ ವರ್ಷ ಎಷ್ಟು ಸಲ ಎಂದು ಕೇಳಿದೆ. ಗಂಡ ಹೆಂಡತಿ ಇಬ್ಬರೂ ಮುಖ ಮುಖ ನೋಡಿಕೊಂಡರು. ಎಣಿಸಿ ಇಟ್ಟವರು ಯಾರು?

ಹೆಬ್ಬೆಟ್ಟು

ದುಡ್ಡು ಖಾತೆಗೆ ಬರುವುದು ಬೇರೆ, ಕೈಗೆ ಬರುವುದು ಬೇರೆ. ಒಂದು ಸಲ ನಾನೂ ಅತ್ತೆಯ ಜೊತೆ ಹೋಗಿದ್ದೆ. ಪಕ್ಕದ ಊರಲ್ಲಿ ಒಬ್ಬ ಹುಡುಗ ಅಂಗೈ ಅಗಲದ ಮಶೀನ್ ಇಟ್ಟುಕೊಂಡು ಬ್ಯಾಂಕಿನ ಕೆಲಸ ಮಾಡುತ್ತಾನೆ. ಕಟ್ಟೆಯ ಮೇಲೆ ಇಪ್ಪತ್ತು ಹೆಂಗಸರು. ಇವಳ ಸರದಿ ಬಂತು. ಬಲಗೈ ಹೆಬ್ಬೆಟ್ಟು ಇಟ್ಟಳು, ಹತ್ತಲಿಲ್ಲ. ಸೆರಗಿನಿಂದ ಒರೆಸಿ ಮತ್ತೆ ಇಟ್ಟಳು, ಹತ್ತಲಿಲ್ಲ. ಎಡಗೈಯದೂ ಹತ್ತಲಿಲ್ಲ. ನಲವತ್ತು ವರ್ಷ ಹತ್ತಿ ಬಿಡಿಸಿದ ಬೆರಳು. ಹತ್ತಿಕಾಯಿಯ ಒಣ ತುದಿ ಚುಚ್ಚಿ ಚುಚ್ಚಿ ಗೆರೆಯೇ ಉಳಿದಿಲ್ಲ. ಹುಡುಗ ಒಂದು ಡಬ್ಬಿಯಿಂದ ಕೊಬ್ಬರಿ ಎಣ್ಣೆ ತೆಗೆದು ಅವಳ ಉಂಗುರದ ಬೆರಳಿಗೆ ಹಚ್ಚಿ, ಒರೆಸಿ, ಒತ್ತಿ ಹಿಡಿದ. ಮಶೀನ್ ಕಿರ್ ಅಂದು ಚೀಟಿ ಕೊಟ್ಟಿತು. ಸಾವಿರಕ್ಕೆ 20 ರೂಪಾಯಿ ಹಿಡಿದುಕೊಂಡ. ಅದು ಕೊಡಬೇಕಾದ ದುಡ್ಡಲ್ಲ. ಆದರೆ ಬ್ಯಾಂಕಿಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ, 20 ಕೊಡುವುದೇ ಮೇಲು ಅನ್ನುವುದು ಅವಳ ಲೆಕ್ಕ.

ಮೊಮ್ಮಗಳು ಅದನ್ನೂ ಬರೆದಿದ್ದಾಳೆ: "ಮಶೀನ್ 60".

ಅತ್ತೆಯ ದುಡ್ಡು, ಸೊಸೆಯ ಮನೆ

60 ಯಾಕೆಂದರೆ ಆಗ ತೆಗೆಯುತ್ತಿದ್ದದ್ದು 3,020. ಅನ್ನಭಾಗ್ಯದಲ್ಲಿ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು 2023ರ ಜುಲೈನಿಂದ ತಲೆಗೆ 170 ರೂಪಾಯಿ ಕೊಡುತ್ತಿದ್ದರು. ಆರು ಜನಕ್ಕೆ 1,020. ಅದೂ ಯಜಮಾನಿಯ ಖಾತೆಗೇ. ಕಾರ್ಡಿನಲ್ಲಿ ಯಜಮಾನಿ ಅತ್ತೆ.

ಮೊದಲ ನಾಲ್ಕು ತಿಂಗಳು ಮನೆಯಲ್ಲಿ ಜಗಳವೋ ಜಗಳ. "ಹೊಲದಾಗ ದುಡಿಯಾಕಿ ನಾನು, ಹೆಬ್ಬೆಟ್ಟು ಒತ್ತಾಕಿ ಅಕಿ" ಎಂದು ಸೊಸೆ. "ನನ್ ಹೆಸರಿಗೆ ಬರೋ ರೊಕ್ಕ, ನಾ ಯಾರಿಗೂ ಲೆಕ್ಕ ಕೊಡಂಗಿಲ್ಲ" ಎಂದು ಅತ್ತೆ. ಸೊಸೆಯ ಮಾತು ನನಗೆ ಸರಿ ಅನಿಸಿತ್ತು. ಮನೆ ನಡೆಸುವವಳು, ಗುಂಪಿನ ಸಾಲದ ಕಂತು ಕಟ್ಟುವವಳು ಅವಳೇ. ಕಾರ್ಡಿನಲ್ಲಿ ಹಿರಿಯಳೆಂಬ ಒಂದೇ ಕಾರಣಕ್ಕೆ ದುಡ್ಡು ಅವಳನ್ನು ದಾಟಿ ಹೋಗುತ್ತಿತ್ತು. ಬೇರೆ ಕಾರ್ಡು ಮಾಡಿಸೋಣ, ಬೇರೆ ಒಲೆ ಹೂಡೋಣ ಎಂಬಲ್ಲಿಗೂ ಮಾತು ಬಂತು. ಮನೆಗೆ ಬಂದ ದುಡ್ಡು ಮನೆಯನ್ನೇ ಒಡೆಯುತ್ತದಾ ಎಂದು ಆ ದಿನಗಳಲ್ಲಿ ನನಗೆ ನಿಜಕ್ಕೂ ಭಯವಾಗಿತ್ತು.

ಆದರೆ ಅತ್ತೆಯ ಕಡೆಯಿಂದ ನೋಡಿದಾಗ ಬೇರೆಯೇ ಕಂಡಿತು. ಅವಳಿಗೆ ಮೊದಲೇ 800 ರೂಪಾಯಿ ವಿಧವಾ ವೇತನ ಬರುತ್ತಿತ್ತು. ಎಲೆ ಅಡಿಕೆಗೆ, ಮಂಡಿನೋವಿನ ಗುಳಿಗೆಗೆ ಅದು ಮುಗಿಯುತ್ತಿತ್ತು. ಗೃಹಲಕ್ಷ್ಮಿಯ ಎರಡನೇ ಕಂತಿನಲ್ಲಿ ಅವಳು ಯಾರಿಗೂ ಹೇಳದೆ ಮಾನ್ವಿಗೆ ಹೋಗಿ 650 ರೂಪಾಯಿ ಕೊಟ್ಟು ಕನ್ನಡಕ ತಂದಳು. ಮನೆಯಲ್ಲಿ ಗುಂಪಿನ ಕಂತಿಗೆ ದುಡ್ಡಿಲ್ಲದ ವಾರ ಅದು. ಸೊಸೆ ಎರಡು ದಿನ ಮಾತು ಬಿಟ್ಟಳು.

ಮೂರು ವರ್ಷದಿಂದ ಈ ಅಜ್ಜಿಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಕಣ್ಣು ಹೋಗುವ ಮೊದಲು ಊರಲ್ಲಿ ಅವಳ ಕೌದಿಗೆ ಹೆಸರಿತ್ತು. ಕನ್ನಡಕ ಬಂದ ಮೇಲೆ ಹಳೆ ಸೀರೆಗಳ ಗಂಟು ಬಿಚ್ಚಿದಳು. ಚಳಿಗಾಲ ಮುಗಿಯುವುದರೊಳಗೆ ಅಕ್ಕಪಕ್ಕದವರಿಗೆ ಐದು ಕೌದಿ ಹೊಲಿದುಕೊಟ್ಟಳು, ಒಂದಕ್ಕೆ 500. ನಾನು ಹೋದಾಗ ಬಾಗಿಲ ಬೆಳಕಿಗೆ ಕಾಲು ಚಾಚಿ ಕೂತು, ಸೂಜಿಯನ್ನು ಮೇಲೆತ್ತಿ, ಒಂದೇ ಸಲಕ್ಕೆ ದಾರ ಹಾಕಿ ನನಗೆ ತೋರಿಸಿದಳು. "ನೋಡಿದೇನು ತಂಗೀ?" ಅಂದಳು. ಕೌದಿಯ ಅಂಚಿಗೆ ಕೆಂಪು ಬಟ್ಟೆಯ ಮೂಲೆಗಳು, ಒಂದೊಂದು ಟಾಕೂ ಅಕ್ಕಿ ಕಾಳಿನಷ್ಟು.

ಯಾವ ಯೋಜನೆಯಲ್ಲಿ ಅರವತ್ತರ ರೈತ ಹೆಂಗಸಿಗೆ ಕನ್ನಡಕ ಎಂದು ಬರೆದಿರುತ್ತಾರೆ? ಸಬ್ಸಿಡಿಯಲ್ಲಿ ಸ್ಪ್ರೇಯರ್ ಕೊಡುತ್ತಾರೆ, ತಾಡಪತ್ರಿ ಕೊಡುತ್ತಾರೆ. ಅವೂ ಬೇಕು. ಆದರೆ ತನಗೆ ಏನು ಕಡಿಮೆಯಾಗಿದೆ ಎಂದು ಗೊತ್ತಿದ್ದದ್ದು ಅವಳಿಗೆ. ಷರತ್ತು ಹಾಕದೆ ಕೊಟ್ಟಿದ್ದರಿಂದ ಅದು ಹೊರಗೆ ಬಂತು. ನಗದಿನ ಪರವಾಗಿ ನನಗೆ ಕಂಡ ಅತಿ ಗಟ್ಟಿ ಕಾರಣ ಇದು.

ಆಮೇಲೆ ಮನೆಯಲ್ಲಿ ಒಂದು ಒಪ್ಪಂದವಾಯಿತು. ಹುಡುಗಿಯ ಬರಹದಲ್ಲಿ: "ಅಜ್ಜಿ 500, ಅವ್ವ 2460, ಮಶೀನ್ 60". ಮುಂದೆ ಒಂದು ವರ್ಷ ಇದೇ ಸಾಲು ಹೆಚ್ಚುಕಡಿಮೆ ತಿಂಗಳು ತಿಂಗಳು ಬರುತ್ತದೆ.

ಬರಗಾಲದ ಗುಳೆ

2023 ಬರದ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ತುಂಗಭದ್ರಾ ತುಂಬಲಿಲ್ಲ. ಇವರ 7 ಎಕರೆಯಿಂದ ಬಂದದ್ದು 9 ಕ್ವಿಂಟಲ್ ಹತ್ತಿ. ಲೀಜಿಗೆ ಕೊಟ್ಟ 32,000 ಮಣ್ಣಿಗೆ ಹೋಯಿತು.

ಹಿಂದಿನ ವರ್ಷವಾಗಿದ್ದರೆ ಸಂಕ್ರಾಂತಿ ಕಳೆದ ಮರುದಿನ ಗಂಟುಮೂಟೆ ಕಟ್ಟುತ್ತಿದ್ದರು. ಈ ಸಲ ಗಂಡನೊಬ್ಬನೇ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ. ಹೆಂಡತಿ ಉಳಿದಳು. ಅವಳ ಲೆಕ್ಕ ಸರಳ. ರೇಷನ್ ಅಕ್ಕಿ ಇದೆ, ತಿಂಗಳಿಗೆ 3,020 ಇದೆ, ಮಕ್ಕಳಿಗೆ ಶಾಲೆಯಲ್ಲಿ ಮಧ್ಯಾಹ್ನದ ಊಟ ಇದೆ. ಉದ್ಯೋಗ ಖಾತ್ರಿ ಕೆಲಸ ಸಿಕ್ಕ ದಿನ 316 ರೂಪಾಯಿ. ಗಂಡ ಕಳಿಸಿದ್ದನ್ನು ಸಾಲದ ಕಂತಿಗೆ ಇಟ್ಟರೆ ಮನೆ ನಡೆಯುತ್ತದೆ.

ಹೀಗಾಗಿ ಎಂಟನೇ ಕ್ಲಾಸಿನ ನೋಟ್ಸು ಮಾರ್ಚ್‌ವರೆಗೂ ಇದೆ. ನಾನು ಆ ನೋಟ್‌ಬುಕ್ಕನ್ನೂ ಕೇಳಿ ನೋಡಿದೆ. ಹಿಂದೆ ಖಾಲಿ ಹಾಳೆ ಉಳಿದಿರಲಿಲ್ಲ.

ಎಲ್ಲ ನಗದಿನಿಂದಲೇ ಆಯಿತು ಎಂದು ನಾನು ಹೇಳುತ್ತಿಲ್ಲ. ಅಕ್ಕಿ, ಬಸ್ಸು, ಬಿಸಿಯೂಟ, ಕೂಲಿ ಎಲ್ಲ ಸೇರಿ ಆಯಿತು. ಆದರೆ ಗುಳೆ ಹೋಗುವಾಗ ಮನೆಯವರು ಕೇಳಿಕೊಳ್ಳುವ ಪ್ರಶ್ನೆ "ಮುಂದಿನ ತಿಂಗಳು ಏನು ತಿನ್ನೋದು" ಎನ್ನುವುದು. ಅದಕ್ಕೆ ಮನೆಯಲ್ಲಿ ಒಂದು ಉತ್ತರ ಇತ್ತು. ಇಷ್ಟೇ ವ್ಯತ್ಯಾಸ, ಅದು ಸಣ್ಣದಲ್ಲ.

ಅಂಗಳದಲ್ಲಿ ಮಲಗಿದ್ದ ಹತ್ತಿ

2024ರಲ್ಲಿ ಮಳೆ ಚೆನ್ನಾಗಿ ಬಂತು. ಡ್ಯಾಮ್ ತುಂಬಿದ ಖುಷಿಯಲ್ಲಿದ್ದಾಗಲೇ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋಯಿತು. ಒಂದು ವಾರ ಈ ಭಾಗದವರಿಗೆ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ. ಕೊನೆಗೆ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗಕ್ಕೆ ತಾತ್ಕಾಲಿಕ ಉಕ್ಕಿನ ತಡೆ, ಇಳಿಸಿ ನೀರು ನಿಲ್ಲಿಸಿದರು. ಇವರ ಹತ್ತಿಗೆ ಮಳೆಯೇ ಆಸರೆಯಾಯಿತು. ಆ ವರ್ಷ 38 ಕ್ವಿಂಟಲ್ ಬಂತು.

ಸಾಮಾನ್ಯವಾಗಿ ಮೊದಲ ಬಿಡಿಸುವಿಕೆಯ ಹತ್ತಿ ಮನೆಗೇ ಬರುವುದಿಲ್ಲ. ಹತ್ತಿ ಬಿಡಿಸಿದ ಕೂಲಿಯವರಿಗೆ ಸಂಜೆಗೇ ದುಡ್ಡು ಕೊಡಬೇಕು, ಮುಂದೆ ಹಬ್ಬ ಇರುತ್ತದೆ. ಹಾಗಾಗಿ ಹೊಲದ ಬದುವಿನಲ್ಲೇ ಊರ ವ್ಯಾಪಾರಿಗೆ ಹಸಿ ಹತ್ತಿ ತೂಗಿಕೊಡುತ್ತಾರೆ. ಅವನು ಹೇಳಿದ್ದೇ ರೇಟು, ತೂಕದಲ್ಲೂ ಕ್ವಿಂಟಲ್‌ಗೆ ಎರಡು ಕೆಜಿ ಮುರಿದುಕೊಳ್ಳುತ್ತಾನೆ. ಆ ಅಕ್ಟೋಬರ್‌ನಲ್ಲಿ ಅವನು ಹೇಳಿದ್ದು 6,300.

ಆ ಸಲ ದಸರಾ ಹೊತ್ತಿಗೆ ಎರಡು ತಿಂಗಳ ಗೃಹಲಕ್ಷ್ಮಿ ಒಟ್ಟಿಗೆ ಬಂದಿತ್ತು. ಅದರ ಜೊತೆಗೆ ಕೌದಿಯ ದುಡ್ಡು. ಕೂಲಿ ಅದರಲ್ಲೇ ಕೊಟ್ಟರು. 8 ಕ್ವಿಂಟಲ್ ಹತ್ತಿ ಮನೆಗೆ ಬಂತು. ಹಗಲು ಅಂಗಳದಲ್ಲಿ ತಾಡಪತ್ರಿ ಮೇಲೆ ಒಣಗಿಸುವುದು, ರಾತ್ರಿ ಪಡಸಾಲೆಗೆ ತುಂಬುವುದು. ಐದು ವಾರ ಮಕ್ಕಳು ಹತ್ತಿಯ ಮೇಲೇ ಮಲಗಿದರು. ಆಮೇಲೆ ರಾಯಚೂರಿನ ಮಾರುಕಟ್ಟೆಗೆ ಒಯ್ದಾಗ 7,050 ಸಿಕ್ಕಿತು. ಕ್ವಿಂಟಲ್‌ಗೆ 750 ಹೆಚ್ಚು, 8 ಕ್ವಿಂಟಲ್‌ಗೆ 6,000. ಗಾಡಿ ಬಾಡಿಗೆ, ಹಮಾಲಿ ತೆಗೆದರೂ ಎರಡು ಕಂತಿಗಿಂತ ಜಾಸ್ತಿ ಉಳಿಯಿತು.

ನನಗೆ ಇದು ಈ ಇಡೀ ಪ್ರಕರಣದ ನಡುಗಂಬದ ಹಾಗೆ ಕಾಣುತ್ತದೆ. 4,000 ರೂಪಾಯಿ ಸರಿಯಾದ ವಾರದಲ್ಲಿ ಕೈಯಲ್ಲಿದ್ದರೆ ರೈತ ಐದು ವಾರ ಕಾಯಬಲ್ಲ. ಕಾಯಬಲ್ಲ ರೈತನಿಗೆ ರೇಟು ಸಿಗುತ್ತದೆ. ಆ ವರ್ಷದ ಬೆಳೆಯಿಂದ ಮೂರು ರೂಪಾಯಿ ಬಡ್ಡಿಯ ಕೈಗಡ ಪೂರ್ತಿ ತೀರಿತು. ದಲಾಲಿ ಅಂಗಡಿಗೆ ಬಡ್ಡಿ ಕಟ್ಟಿ, ಅಸಲಿನಲ್ಲಿ 15,000 ಕಡಿಮೆ ಮಾಡಿಕೊಂಡರು.

ಕುಡಿತ, ಸೋಮಾರಿತನ

ಈ ಪ್ರಶ್ನೆ ಎಲ್ಲಿ ಹೋದರೂ ಬರುತ್ತದೆ. ಸುಮ್ನೆ ದುಡ್ಡು ಕೊಟ್ಟರೆ ಗಂಡಸರು ಕುಡಿಯುತ್ತಾರೆ, ಹೆಂಗಸರು ಕೂಲಿಗೆ ಬರುವುದಿಲ್ಲ ಅಂತ.

ಈ ಮನೆಯ ಗಂಡ ಕುಡಿಯುತ್ತಾನೆ. ಮೊದಲೂ ಕುಡಿಯುತ್ತಿದ್ದ. ಜಾಸ್ತಿಯೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಒಮ್ಮೆ ತನ್ನ ಅವ್ವನ ಹತ್ತಿರ 300 ಕಿತ್ತುಕೊಂಡು ಹೋಗಿದ್ದ, ಮೊಮ್ಮಗಳು ಅದನ್ನು ಹಾಗೇ ಬರೆದಿಟ್ಟಳು: "ಅಪ್ಪ 300". ಆ ಪುಟ ಅವನಿಗೆ ತೋರಿಸಿದ ಮೇಲೆ ಮತ್ತೆ ಆ ಸಾಲು ಬಂದಿಲ್ಲ. ಬೇರೆ ಕಡೆ ದೊಡ್ಡದಾಗಿ ಅಳೆದು ನೋಡಿದವರೂ ಇದ್ದಾರೆ. ಕೀನ್ಯಾದ ಹಳ್ಳಿಗಳಲ್ಲಿ ಷರತ್ತಿಲ್ಲದೆ ನಗದು ಪಡೆದ ಮನೆಗಳನ್ನು ಹೌಸ್‌ಹೋಫರ್ ಮತ್ತು ಶಪಿರೊ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದರು. ಮದ್ಯ, ತಂಬಾಕಿನ ಖರ್ಚು ಹೆಚ್ಚಾಗಿರಲಿಲ್ಲ. ನಮ್ಮದೇ ದೇಶದಲ್ಲಿ, ಮಧ್ಯಪ್ರದೇಶದಲ್ಲಿ, 2011ರಿಂದ ‘ಸೇವಾ’ (SEWA) ಎಂಬ ದುಡಿಯುವ ಹೆಂಗಸರ ಸಂಘದವರು ಯುನಿಸೆಫ್ ನೆರವಿನಿಂದ ಹಳ್ಳಿಯ ಪ್ರತಿಯೊಬ್ಬರಿಗೂ ತಿಂಗಳಿಗೆ ನಗದು ಕೊಟ್ಟು ನೋಡಿದರು. ಶುರುವಿನಲ್ಲಿ ದೊಡ್ಡವರಿಗೆ 200, ಮಕ್ಕಳಿಗೆ 100. ಅಲ್ಲಿ ಕುಡಿತ ಹೆಚ್ಚಲಿಲ್ಲ. ಕೂಲಿ ಬಿಟ್ಟು ಸ್ವಂತ ಹೊಲದಲ್ಲಿ ದುಡಿಯುವುದು ಹೆಚ್ಚಾಯಿತು.

ಸೊಸೆ ಈಗಲೂ ಕಳೆ ತೆಗೆಯಲು ಕೂಲಿಗೆ ಹೋಗುತ್ತಾಳೆ. ಎರಡು ವರ್ಷದಲ್ಲಿ ಅವಳು ಕರೆದರೂ ಹೋಗದ ದಿನ ಒಂದು ನನಗೆ ಗೊತ್ತು. ನಾನಿದ್ದ ದಿನವೇ ಅದು. ಮೈ ಕೆಂಡದಂಥ ಜ್ವರ. ಹೊಲದ ಮಾಲೀಕ ಬಾಗಿಲಲ್ಲಿ ನಿಂತು "ಬರ್ತಿಯೇನವ್ವ, 250 ಕೊಡ್ತೀನಿ" ಅಂದ. ಊರಲ್ಲಿ ಆಗ ನಡೆಯುತ್ತಿದ್ದ ಕೂಲಿ 300. ಮಲಗಿದ್ದಲ್ಲಿಂದಲೇ ಒಲ್ಲೆ ಅಂದಳು. ಅವನು ಹೋದ ಮೇಲೆ ಕೌದಿ ತಲೆವರೆಗೂ ಎಳೆದುಕೊಂಡಳು. ಇದನ್ನು ಸೋಮಾರಿತನ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ತಡವಾದ ದುಡ್ಡು

2025ರ ಮೊದಲ ತಿಂಗಳುಗಳು ಕೆಟ್ಟವು. ಫೆಬ್ರವರಿಯಿಂದ ಅನ್ನಭಾಗ್ಯದ ನಗದು ನಿಂತು ಅದರ ಬದಲು ಅಕ್ಕಿಯೇ ಬಂತು, ತಲೆಗೆ ಒಟ್ಟು 10 ಕೆಜಿ. ಆರು ಜನಕ್ಕೆ 60 ಕೆಜಿ. ಇದು ರೊಟ್ಟಿ ತಿನ್ನುವ ಮನೆ. ಎರಡು ಹೊತ್ತು ಜೋಳದ ರೊಟ್ಟಿ ಇಲ್ಲದಿದ್ದರೆ ಹೊಲದ ಕೆಲಸಕ್ಕೆ ಕಸುವಿಲ್ಲ ಅನ್ನುತ್ತಾರೆ. ಅಷ್ಟು ದಿನ ಆ 1,020ರಲ್ಲಿ ಬಿಳಿಜೋಳ ಕೊಳ್ಳುತ್ತಿದ್ದರು. ಈಗ ಮೂಲೆಯಲ್ಲಿ ಅಕ್ಕಿ ಚೀಲ, ಜೋಳಕ್ಕೆ ಕೈಯಿಂದ ದುಡ್ಡು. ಅಕ್ಕಿ ಬೇಡ ಅನ್ನುವ ಮನೆಗಳು ಬೇಕಾದಷ್ಟಿವೆ ಅಂತಲ್ಲ, ಅಕ್ಕಿಯೇ ಆಸರೆಯಾದ ಮನೆಗಳೂ ಇದೇ ಓಣಿಯಲ್ಲಿವೆ. ಆದರೆ ಈ ಮನೆಗೆ ನಗದೇ ಹೊಟ್ಟೆಗೆ ಹತ್ತಿರವಾಗಿತ್ತು.

ಅದೇ ಹೊತ್ತಿಗೆ ಗೃಹಲಕ್ಷ್ಮಿಯೂ ತಡವಾಯಿತು. ನೋಟ್‌ಬುಕ್‌ನಲ್ಲಿ ಹುಡುಗಿ ತಿಂಗಳ ಹೆಸರು ಬರೆದು ಮುಂದೆ ಜಾಗ ಖಾಲಿ ಬಿಟ್ಟಿದ್ದಾಳೆ. ಎರಡು ತಿಂಗಳು ಖಾಲಿ, ಮೂರನೆಯದೂ ಖಾಲಿ. ಗುಂಪಿನ ಸಾಲದ ಎರಡು ಕಂತು ತಪ್ಪಿತು. ವಸೂಲಿಗೆ ಬಂದವರು ಬೆಳಿಗ್ಗೆ ಎಂಟಕ್ಕೆ ಬಂದು ಕಟ್ಟೆ ಮೇಲೆ ಕೂತರೆ ಹನ್ನೊಂದಕ್ಕೂ ಏಳುತ್ತಿರಲಿಲ್ಲ. ಗುಂಪಿನ ಉಳಿದ ಹೆಂಗಸರೇ ಬಂದು ಬೈಯುವ ಹಾಗೆ ಮಾಡಿದರು. ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದದ್ದು ಇಂಥ ದಿನಗಳಲ್ಲೇ. ಅದರ ಸುದ್ದಿ ಈ ಓಣಿಗೆ ತಲುಪುವ ಮೊದಲೇ ಸೊಸೆ ತನ್ನ ಬೆಂಡೋಲೆ ಬಿಚ್ಚಿ ಅಡವಿಟ್ಟು 15,000 ತಂದಿದ್ದಳು. ತವರಿನಲ್ಲಿ ಹಾಕಿದ ಬೆಂಡೋಲೆ. ಕಿವಿಯ ತೂತು ಮುಚ್ಚಬಾರದು ಅಂತ ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದಳು.

ಆಮೇಲೆ ಬಾಕಿ ಕಂತು ಬಂತು. ಬರಲಿಲ್ಲ ಅಂತಲ್ಲ. ಆದರೆ ಅಷ್ಟರಲ್ಲಿ ಅಡವಿನ ಬಡ್ಡಿ ತಿಂಗಳಿಗೆ 300 ಓಡುತ್ತಿತ್ತು, ಅಂಗಡಿಯ ಉದ್ರಿ ಮತ್ತೆ 5,000 ಮುಟ್ಟಿತ್ತು. "ತಡ ಆದ್ರ ಆ ರೊಕ್ಕ ನಮ್ದಲ್ರಿ ಅಕ್ಕಾರ, ಬಡ್ಡಿಯವಂದು" ಅಂದಳು ಸೊಸೆ. ಸಂಬಳದ ಹಾಗೆ ಇಂತಿಂಥ ತಾರೀಕಿಗೆ ಬರುತ್ತದೆ ಎಂದು ಗೊತ್ತಿದ್ದರೆ 2,000ಕ್ಕೆ 2,000ದ ಬೆಲೆ. ಯಾವಾಗ ಬರುತ್ತದೋ ಗೊತ್ತಿಲ್ಲದ ದುಡ್ಡನ್ನು ನಂಬಿ ಯಾರೂ ಹತ್ತಿ ಹಿಡಿದಿಟ್ಟುಕೊಳ್ಳಲಾರರು, ಮಗಳ ಫೀಸಿಗೆ ಮಾತು ಕೊಡಲಾರರು. ಇನ್ನೊಂದು 500 ಹೆಚ್ಚಿಸುವುದಕ್ಕಿಂತ ಒಂದು ತಾರೀಕು ಗಟ್ಟಿ ಮಾಡಿ ಎಂದು ನಾನು ಕೇಳುತ್ತೇನೆ.

ಹೊಲದ ಕಾಗದ

ಇನ್ನೊಂದು ದಾರಿಯ ದುಡ್ಡು ಈ ಮನೆಗೆ ಬರಲೇ ಇಲ್ಲ. ಪಿಎಂ ಕಿಸಾನ್ 2019ರ ಫೆಬ್ರವರಿಯಲ್ಲಿ ಶುರುವಾಯಿತು. ವರ್ಷಕ್ಕೆ 6,000, ಮೂರು ಕಂತು. ಅದಕ್ಕೂ ಖರ್ಚಿನ ಷರತ್ತಿಲ್ಲ. ಆದರೆ ಹೊಲ ಹೆಸರಲ್ಲಿರಬೇಕು. ಇವರ 3 ಎಕರೆ ಇನ್ನೂ 2017ರಲ್ಲಿ ತೀರಿಕೊಂಡ ಮಾವನ ಹೆಸರಲ್ಲೇ ಇದೆ. 2023ರ ಬರಕ್ಕೆ ಬೆಳೆಹಾನಿ ಪರಿಹಾರ ಬಂದಾಗಲೂ ಅಷ್ಟೇ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500ರ ಲೆಕ್ಕದಲ್ಲಿ ಹತ್ತು ಸಾವಿರದ ಮೇಲೆ ಬರಬೇಕಿತ್ತು, ಬರಲಿಲ್ಲ. 2024ರಲ್ಲಿ ಉದ್ದ ಎಳೆಯ ಹತ್ತಿಗೆ ಬೆಂಬಲ ಬೆಲೆ 7,521 ಇತ್ತು. ಖರೀದಿ ಕೇಂದ್ರದಲ್ಲಿ ಪಹಣಿ ಕೇಳಿದರು. ಸತ್ತವರ ಹೆಸರಿನ ಪಹಣಿ ಹಿಡಿದು ಹೋದರೆ ಯಾರು ತೂಗುತ್ತಾರೆ? ಲೀಜಿನ 4 ಎಕರೆಯ ಮಾತಂತೂ ಎತ್ತುವ ಹಾಗೇ ಇಲ್ಲ. ಕೃಷ್ಣೆ ದಾಟಿದರೆ ತೆಲಂಗಾಣ. ಅಲ್ಲಿ 2018ರಲ್ಲಿ ರೈತ ಬಂಧು ಬಂದು ಎಕರೆಗೆ ಒಂದು ಹಂಗಾಮಿಗೆ 4,000 ಕೊಟ್ಟಾಗ ಇಲ್ಲಿಯವರೆಲ್ಲ ಆಸೆಯಿಂದ ಆ ಕಡೆ ನೋಡಿದ್ದರು. ಅಲ್ಲೂ ದುಡ್ಡು ಹೋಗಿದ್ದು ಪಟ್ಟಾದಾರನಿಗೆ, ಅಂದರೆ ಕಾಗದದಲ್ಲಿ ಹೆಸರಿರುವ ಮಾಲೀಕನಿಗೆ, ಲೀಜಿಗೆ ಉಳುವವನಿಗಲ್ಲ.

ಹೊಲದ ಕಾಗದದ ಹಿಂದೆ ಬರುವ ದುಡ್ಡು ಇಂಥ ಮನೆಯನ್ನು ದಾಟಿ ಹೋಗುತ್ತದೆ. ಪಡಿತರ ಚೀಟಿಯ ಹಿಂದೆ ಬಂದದ್ದು, ಅತ್ತೆ ಸೊಸೆ ಜಗಳ ತಂದರೂ, ಒಳಗೆ ಬಂತು.

ಪೌತಿ ಖಾತೆ, ಅಂದರೆ ಸತ್ತವರ ಹೊಲವನ್ನು ವಾರಸುದಾರರ ಹೆಸರಿಗೆ ಬದಲಿಸುವುದು, ಯಾಕೆ ಮಾಡಿಸಲಿಲ್ಲ ಎಂದರೆ ನಾಲ್ಕು ಜನ ಮಕ್ಕಳು ಒಪ್ಪಬೇಕು. ಹಿರಿ ಮಗ ಹೈದರಾಬಾದಿನಲ್ಲಿ, ಆರು ವರ್ಷದಿಂದ ಮಾತಿಲ್ಲ. ಹೆಣ್ಣುಮಕ್ಕಳಲ್ಲಿ ಒಬ್ಬಳು ಸಿಂಧನೂರು ಕಡೆ, ಇನ್ನೊಬ್ಬಳು ದೇವದುರ್ಗ ಕಡೆ. ತಮ್ಮ ಪಾಲಿನ ಮಾತು ಎತ್ತದೆ ಸಹಿ ಕೇಳುತ್ತಾರೆ ಎಂದು ಅವರಿಗೆ ಸಿಟ್ಟು. ಆ ಸಿಟ್ಟು ನ್ಯಾಯವಾದದ್ದೇ.

2025ರ ಬೇಸಿಗೆಯಲ್ಲಿ ಅತ್ತೆ ತಾನೇ ಎದ್ದಳು. ತನ್ನ 500 ಕೂಡಿಟ್ಟಿದ್ದಳು. ವಂಶವೃಕ್ಷಕ್ಕೆ ನಾಡಕಚೇರಿಗೆ ಐದು ಸಲ ಹೋದಳು. ಪುಕ್ಕಟೆ ಬಸ್ಸು ಹತ್ತಿ ಇಬ್ಬರು ಹೆಣ್ಣುಮಕ್ಕಳ ಮನೆಗೂ ಹೋಗಿ, ಪಹಣಿಯಲ್ಲಿ ನಿಮ್ಮ ಹೆಸರೂ ಇರಲಿ ಎಂದು ಹೇಳಿ ಇಬ್ಬರನ್ನೂ ಒಪ್ಪಿಸಿ ಬಂದಳು.

ನಾನು ಕೊನೆಯ ಸಲ ಹೋದಾಗ ಗುಂಪಿನ ಸಾಲ ಮುಗಿದಿತ್ತು. ದಲಾಲಿ ಅಂಗಡಿಯಲ್ಲಿ 95,000 ಹಾಗೇ ಇತ್ತು. ಬೆಂಡೋಲೆ ಇನ್ನೂ ಬಿಡಿಸಿರಲಿಲ್ಲ. ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿದ್ದಳು, ಲೆಕ್ಕ ಬರೆಯಲು ಬೇರೆ ವಹಿ ತಂದಿದ್ದರು. ಅತ್ತೆ ಪಡಸಾಲೆಯಲ್ಲಿ ಕಾಗದಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕುತ್ತಿದ್ದಳು. ಹಿರಿ ಮಗನ ಸಹಿ ಒಂದೇ ಬಾಕಿ. ಪುಕ್ಕಟೆ ಬಸ್ಸು ರಾಜ್ಯದ ಗಡಿಯವರೆಗೆ, ಆಚೆಗೆ ಟಿಕೆಟ್ ತೆಗೆಯಬೇಕು. ಕನ್ನಡಕ ಹಾಕಿಕೊಂಡು ನೋಟುಗಳನ್ನು ಎರಡು ಸಲ ಎಣಿಸಿದಳು. ಹೋಗಲು ಇಷ್ಟು, ಬರಲು ಇಷ್ಟು ಎಂದು ಬೇರೆ ಬೇರೆ ಮಡಚಿ, ಒಂದನ್ನು ಸೊಂಟದ ಸಂಚಿಗೆ, ಇನ್ನೊಂದನ್ನು ಕುಪ್ಪಸದೊಳಗೆ ಇಟ್ಟುಕೊಂಡಳು.